ಕಾವು ಎಲ್ಲರಿಗೆ, ಹೊಗೆ ಯಾರಿಗೆ?

ನಮ್ಮ ದೇಶದ ತರ್ಕಶಾಸ್ತ್ರದಲ್ಲಿ ಬಹು ಪ್ರಸಿದ್ಧವಾದ ಒಂದು ದೃಷ್ಟಾಂತವಿದೆ. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಆದ್ದರಿಂದ ಅಲ್ಲಿ ಬೆಂಕಿ ಇರಲೇಬೇಕೆಂದು ನೋಡಿದವನು ನಿಶ್ಚಯಿಸುತ್ತಾನೆ. ಈ ನಿಶ್ಚಯಕ್ಕೆ ಆಧಾರವೇನೆಂದು ಕೇಳಿದರೆ, ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ, ಅಡಿಗೆಮನೆಯಲ್ಲಿ ಇರುವಂತೆ, ಎಂಬ ಉತ್ತರ ಬರುತ್ತದೆ. ನೈಯಾಯಿಕರು ಆ ಅಡಿಗೆಮನೆಯನ್ನು ಮಹಾನಸವೆಂದು ಕರೆದರು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನವೆಂಬ ಐದು ಅವಯವಗಳನ್ನು ವಿವರಿಸುವಾಗ ಗುರುಗಳು ಶಿಷ್ಯರಿಗೆ ಶತಮಾನಗಳ ಕಾಲ ಈ ಬೆಟ್ಟವನ್ನೂ ಈ ಅಡಿಗೆಮನೆಯನ್ನೂ ತೋರಿಸುತ್ತ ಬಂದಿದ್ದಾರೆ.

ನಾನು ತರ್ಕವನ್ನು ಗುರುಮುಖದಿಂದ ಕಲಿತವನಲ್ಲ. ಉಪಾಧ್ಯಾಯ ತರಬೇತಿಯನ್ನು ಪಡೆದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಆದರೂ ಈ ದೃಷ್ಟಾಂತವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಒಂದು ಕಡೆ ತಡೆದು ನಿಲ್ಲುತ್ತದೆ. ಹೊಗೆಯಿಂದ ಬೆಂಕಿಯನ್ನು ತಿಳಿದುಕೊಂಡದ್ದಾಯಿತು. ಆ ಮಹಾನಸದಲ್ಲಿ ಹೊಗೆಯ ನಡುವೆ ಕುಳಿತಿದ್ದವರು ಯಾರು? ಅನುಮಾನದ ಪಾಠಕ್ಕೆ ಈ ಪ್ರಶ್ನೆ ಬೇಕಾಗಿಲ್ಲ, ನಿಜ. ಆದರೆ ಧರ್ಮಾಧರ್ಮಗಳನ್ನು ವಿಚಾರಿಸುವವನಿಗೆ ಬೇಕು. ಈ ಲೇಖನ ಆ ಒಂದು ಪ್ರಶ್ನೆಯನ್ನು ಕುರಿತದ್ದು.

ತಾಳಮಲೆಯಲ್ಲಿ ವಾಸಿಸುವವರಿಗೆ ಬೆಟ್ಟದ ಮೇಲಣ ಹೊಗೆ ಪುಸ್ತಕದ ಮಾತಲ್ಲ. ಸತ್ಯಮಂಗಲದ ಬಿಸಿಲು ಬಯಲಿನಿಂದ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಹತ್ತಿ ಬಂದವರಿಗೆ ಮೊದಲು ಅನುಭವಕ್ಕೆ ಬರುವುದು ಇಲ್ಲಿಯ ತಂಪು. ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನ ಹೊತ್ತು ಮಂಜು ಹೊಲಗಳ ಮೇಲೆ ಮಲಗಿರುತ್ತದೆ. ಕಂಬಳಿಯಿಂದ ಕೈ ಹೊರಗೆ ಚಾಚಲು ಮನಸ್ಸು ಬರುವುದಿಲ್ಲ. ಆ ಹೊತ್ತಿನಲ್ಲಿ ಊರಿನ ಹೆಂಚುಗಳ ಸಂದುಗಳಿಂದ ನೀಲಿ ಹೊಗೆ ಮೆಲ್ಲಗೆ ಮೇಲೇಳುತ್ತದೆ. ರಸ್ತೆಯಲ್ಲಿ ನಿಂತು ನೋಡಿದವರಿಗೆ ಅದು ರಮಣೀಯವಾದ ದೃಶ್ಯ. ನಮ್ಮ ಕಡೆಗೆ ಬಂದ ಅತಿಥಿಗಳು ಅದನ್ನು ಮೆಚ್ಚಿ ಮಾತಾಡುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. ನಾನೂ ಮೆಚ್ಚಿದ್ದೇನೆ. ಹೆಂಚಿನ ಸಂದಿನಿಂದ ಹೊರಬಿದ್ದ ಹೊಗೆ ಅಷ್ಟಾದರೆ, ಹೊರಬೀಳದೆ ಒಳಗೆ ಉಳಿದದ್ದು ಎಷ್ಟಿರಬೇಕೆಂದು ಬಹು ಕಾಲ ಯೋಚಿಸಿರಲಿಲ್ಲ.

ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಾಗ ನನಗೆ ಮೀಸಲಾದ ಒಂದು ಜಾಗವಿತ್ತು. ಅಡಿಗೆಮನೆಗೂ ನಡುಮನೆಗೂ ಮಧ್ಯೆ ಇದ್ದ ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ನಾನು ಕೂರುತ್ತಿದ್ದೆ. ಗೋಡೆಯ ಆ ಬದಿಯಲ್ಲಿ ಒಲೆ. ಈ ಬದಿಯಲ್ಲಿ ನಾನು. ನಸುಕಿನ ನಾಲ್ಕು ಗಂಟೆಗೆ ತಾಯಿ ಒಲೆ ಹೊತ್ತಿಸಿದರೆ ಅರ್ಧ ಗಂಟೆಯಲ್ಲಿ ಗೋಡೆ ಬೆಚ್ಚಗಾಗುತ್ತಿತ್ತು. ಆ ಕಾವು ಬೆನ್ನಿನಿಂದ ಮೈಯೆಲ್ಲ ಹರಡುವಾಗ ಓದು ಸುಖವಾಗಿ ಸಾಗುತ್ತಿತ್ತು. ಗೋಡೆಯ ಆಚೆಯಿಂದ ಊದುಗೊಳವೆಯ ಸದ್ದು, ಅದರ ನಡುನಡುವೆ ಕೆಮ್ಮು ಕೇಳಿಸುತ್ತಿದ್ದುವು. ನನಗೆ ಆ ಕೆಮ್ಮು ಮಳೆಯ ಸದ್ದಿನಂತೆ, ಕೋಳಿಯ ಕೂಗಿನಂತೆ, ಬೆಳಗಿನ ಸದ್ದುಗಳಲ್ಲಿ ಒಂದಾಗಿತ್ತು. ನಾನು ಪರೀಕ್ಷೆಯಲ್ಲಿ ತೇರ್ಗಡೆಯಾದೆ, ತರಬೇತಿಗೆ ಹೋದೆ, ಉಪಾಧ್ಯಾಯನಾದೆ.

ಕೆಲವು ವರ್ಷಗಳ ಹಿಂದೆ ತಾಯಿಗೆ ಉಬ್ಬಸ ಹೆಚ್ಚಿತು. ಮೆಟ್ಟಿಲು ಹತ್ತುವುದಿರಲಿ, ಹಿತ್ತಿಲಿನಿಂದ ಜಗಲಿಗೆ ಬರುವಷ್ಟರಲ್ಲಿ ಕುಳಿತುಬಿಡುತ್ತಿದ್ದರು. ಬಯಲಿನ ಒಂದು ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ಎದೆಗೆ ಕೊಳವೆಯಿಟ್ಟು ಕೇಳಿ, ಚಿತ್ರ ತೆಗೆಸಿ ನೋಡಿ, “ಇವರಿಗೆ ಬೀಡಿ ಸೇದುವ ಅಭ್ಯಾಸವಿತ್ತೆ?” ಎಂದು ನನ್ನನ್ನು ಕೇಳಿದರು. ನನಗೆ ಸಿಟ್ಟು ಬಂತು. ಇಲ್ಲವೆಂದೆ. “ಹಾಗಾದರೆ ಸೌದೆಯ ಒಲೆ ಇರಬೇಕು” ಎಂದು ಅವರು ಶಾಂತವಾಗಿ ಹೇಳಿ ಬರೆದುಕೊಂಡರು. ಹೊಗೆಯಿಂದ ಬೆಂಕಿಯನ್ನು ಊಹಿಸಿದ ನೈಯಾಯಿಕನಂತೆ ಆ ವೈದ್ಯರು ಶ್ವಾಸಕೋಶದಿಂದ ಒಲೆಯನ್ನು ಊಹಿಸಿದ್ದರು. ಮೂವತ್ತು ವರ್ಷ ಅದೇ ಮನೆಯಲ್ಲಿ ಬಾಳಿದ ನನಗೆ ಕಾಣದಿದ್ದದ್ದು ಅವರಿಗೆ ಒಂದು ಚಿತ್ರದಲ್ಲಿ ಕಂಡಿತು.

ಇಲ್ಲಿ ಹೊಗೆಯೆಂದರೇನೆಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಸೌದೆ ಪೂರ್ಣವಾಗಿ ಉರಿದರೆ ನೀರಿನ ಆವಿಯೂ ಇಂಗಾಲಾಮ್ಲವೂ ಬೂದಿಯೂ ಉಳಿಯುತ್ತವೆ. ಆದರೆ ಮೂರು ಕಲ್ಲಿನ ಒಲೆಯಲ್ಲಿ, ಅದರಲ್ಲೂ ಹಸಿಸೌದೆ ಇಟ್ಟಾಗ, ಅದು ಪೂರ್ಣವಾಗಿ ಉರಿಯುವುದಿಲ್ಲ. ಅರೆಬರೆಯಾಗಿ ಉರಿದ ಕಣಗಳೂ ಅನಿಲಗಳೂ ಹೊಗೆಯಾಗಿ ಏಳುತ್ತವೆ. ಆ ಕಣಗಳಲ್ಲಿ ಬಹುಪಾಲು ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಭಾಗದಷ್ಟು, ಅಥವಾ ಅದಕ್ಕಿಂತಲೂ ಸಣ್ಣವು. ಮೂಗಿನ ರೋಮಗಳು ಅವನ್ನು ತಡೆಯಲಾರವು. ಅವು ಶ್ವಾಸಕೋಶದ ಕೊನೆಯ ಗೂಡುಗಳವರೆಗೂ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಒಂದು ದಿನದ ಸರಾಸರಿಗೆ ಘನ ಮೀಟರಿಗೆ 15 ಮೈಕ್ರೋಗ್ರಾಂ ಮಿತಿಯೆಂದು ಹೇಳಿದೆ. ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಸೌದೆಯ ಒಲೆ ಉರಿಯುವಾಗ ಈ ಪ್ರಮಾಣ ನೂರುಗಳನ್ನು ದಾಟಿ ಕೆಲವೊಮ್ಮೆ ಸಾವಿರಗಳಿಗೂ ಏರುತ್ತದೆ. ಮನೆಯೊಳಗಿನ ಕೆಟ್ಟ ಗಾಳಿಯ ದೆಸೆಯಿಂದ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಮೃತರಾದರೆಂದೂ, ಅವರಲ್ಲಿ 2,37,000ಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳೆಂದೂ ಅದೇ ಸಂಸ್ಥೆ ಅಂದಾಜು ಮಾಡಿದೆ.

ಈ ವಿಷಯವನ್ನು ಅಳೆದು ನೋಡಬೇಕೆಂದು ಲೋಕಕ್ಕೆ ತೋರಿದ್ದೇ ಬಹಳ ತಡವಾಗಿ. ಕಾರ್ಖಾನೆಯ ಹೊಗೆಯನ್ನೂ ಮೋಟಾರಿನ ಹೊಗೆಯನ್ನೂ ಅಳೆಯುತ್ತಿದ್ದವರು ಅಡಿಗೆಮನೆಯ ಬಾಗಿಲನ್ನು ತಟ್ಟಿರಲಿಲ್ಲ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿಯೂ ಅವರ ಭಾರತೀಯ ಸಹೋದ್ಯೋಗಿಗಳೂ ಗುಜರಾತಿನ ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರ ಮೈಮೇಲೆಯೇ ಅಳತೆಯ ಉಪಕರಣವನ್ನಿರಿಸಿ, ಅವರು ಉಸಿರಾಡುವ ಗಾಳಿಯನ್ನು ಪರೀಕ್ಷಿಸಿದರು. ಊರಿನ ಗಾಳಿ ಎಷ್ಟೇ ನಿರ್ಮಲವಾಗಿದ್ದರೂ ಒಲೆಯ ಮುಂದೆ ಕುಳಿತವಳ ಗಾಳಿ ಬೇರೆ ಎಂಬ ಸಂಗತಿ ಆಗ ಅಂಕಿಗಳಲ್ಲಿ ಸಿದ್ಧವಾಯಿತು. ನಮ್ಮ ಬೆಟ್ಟದ ಗಾಳಿ ಅಮೃತಸಮಾನವೆಂದು ನಾವು ಹೊಗಳಿಕೊಳ್ಳುವಾಗ ಈ ಮಾತನ್ನು ನೆನಪಿಡಬೇಕು.

ಈ ವಿಚಾರವನ್ನು ಊರಿನ ಜಗಲಿಯ ಮೇಲೆ ಎತ್ತಿದಾಗ ಹಿರಿಯರಿಂದ ಬರುವ ಆಕ್ಷೇಪಣೆ ನನಗೆ ಚೆನ್ನಾಗಿ ಗೊತ್ತು. “ನಮ್ಮಜ್ಜಿ ಇದೇ ಹೊಗೆಯಲ್ಲಿ ಬಾಳಿ ತೊಂಬತ್ತು ದಾಟಿದರು” ಎನ್ನುತ್ತಾರೆ. ಅದು ಸುಳ್ಳಲ್ಲ. ಹೊಗೆಯಿಂದ ಉಪಕಾರವೂ ಉಂಟೆಂದು ಅವರು ಹೇಳುವುದೂ ಸತ್ಯವೇ. ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದ ಜೋಳದ ತೆನೆಗೂ ಬಿತ್ತನೆಯ ಕಾಳಿಗೂ ಹುಳು ಹಿಡಿಯುವುದಿಲ್ಲ. ಹೊಗೆಯುಂಡ ಬಿದಿರಿನ ಗಳುಗಳಿಗೆ ಗೆದ್ದಲು ಬೇಗ ತಾಗುವುದಿಲ್ಲ. ಹುಲ್ಲಿನ ಮಾಡು ಹೆಚ್ಚು ಕಾಲ ಬಾಳುತ್ತದೆ. ಸೊಳ್ಳೆ ದೂರ ಸರಿಯುತ್ತದೆ. ಹಳೆಯ ಮನೆಯಲ್ಲಿ ಹೊಗೆಯೂ ಒಬ್ಬ ಆಳಿನಂತೆ ದುಡಿಯುತ್ತಿತ್ತು. ನಮ್ಮ ಪೂರ್ವಿಕರು ಅವಿವೇಕಿಗಳಾಗಿದ್ದುದರಿಂದ ಹೊಗೆಯನ್ನು ಒಳಗಿಟ್ಟುಕೊಂಡರೆಂದು ಯಾರೂ ಭಾವಿಸಬೇಕಾಗಿಲ್ಲ.

ಆದರೆ ಈ ಉಪಕಾರಗಳ ಪಟ್ಟಿಯನ್ನು ಮತ್ತೊಮ್ಮೆ ಓದಬೇಕು. ಕಾಳು ಇಡೀ ಮನೆಯವರದು. ಮಾಡು ಇಡೀ ಮನೆಯವರದು. ಗೋಡೆಯ ಕಾವು ನನ್ನಂಥ ಓದುವ ಹುಡುಗರದು. ಹೊಗೆ ಮಾತ್ರ ಒಬ್ಬಳದು. ಒಲೆಯ ಫಲವೆಲ್ಲ ಹಂಚಿಹೋಗುತ್ತದೆ, ಒಲೆಯ ನಷ್ಟ ಹಂಚಿಹೋಗುವುದಿಲ್ಲ. ತೊಂಬತ್ತು ದಾಟಿದ ಅಜ್ಜಿಯನ್ನು ನಾವು ಲೆಕ್ಕ ಮಾಡುತ್ತೇವೆ, ಏಕೆಂದರೆ ಅವರು ನಮ್ಮ ಕಣ್ಣಮುಂದೆ ಇದ್ದರು. ಐವತ್ತಕ್ಕೇ ಉಬ್ಬಸ ಬಂದು ಹೋದವರನ್ನು, ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಬಾಗಿಲು ಮುಚ್ಚಿ ಹೊಗೆ ಹಾಕಿದಾಗ ಎದೆಕಟ್ಟಿದ ಕೂಸುಗಳನ್ನು ಲೆಕ್ಕಕ್ಕೆ ತರುವವರಿಲ್ಲ. ಅವರ ಸಾವಿಗೆ ಶೀತವೆಂದೋ ದೃಷ್ಟಿಯೆಂದೋ ಬೇರೆ ಹೆಸರಿಟ್ಟಿದ್ದೇವೆ.

ಇಷ್ಟು ಹೇಳಿದ ಮೇಲೆ ಹೊಗೆಯೊಂದೇ ದೋಷಿ ಎಂದು ತಿಳಿಯಬಾರದು. ನನ್ನದೇ ಒಂದು ಮೂರ್ಖತನವನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಉದ್ಯೋಗಕ್ಕೆ ಸೇರಿದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರ ಜೊತೆಗೆ ಒಂದು ಬಾಡಿಗೆಯ ಕೋಣೆಯಲ್ಲಿದ್ದೆ. ಪುಷ್ಯಮಾಸದ ಒಂದು ರಾತ್ರಿ ಚಳಿ ತಡೆಯಲಾರದೆ ಬಾಣಲೆಯಲ್ಲಿ ಇದ್ದಲು ಹಾಕಿ ಅಗ್ಗಿಷ್ಟಿಕೆ ಮಾಡಿಕೊಂಡೆವು. ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿಯಾದ ಮೇಲೆಯೇ ಒಳಕ್ಕೆ ತಂದೆವು. ಎಷ್ಟು ಜಾಣರು ನಾವೆಂದು ಹಿಗ್ಗಿದೆವು. ಕಾವು ಹೊರಗೆ ಹೋಗದಿರಲೆಂದು ಬಾಗಿಲ ಸಂದಿಗೆ ಗೋಣಿಚೀಲ ತುರುಕಿದೆವು. ನಡುರಾತ್ರಿ ನನ್ನ ಜೊತೆಗಾರರು ನೀರು ಕುಡಿಯಲು ಎದ್ದವರು ಕಾಲು ನಿಲ್ಲದೆ ಬಾಗಿಲಿನ ಮೇಲೆಯೇ ಬಿದ್ದರು. ಅಗಣಿ ಸಡಿಲವಾಗಿತ್ತು, ಬಾಗಿಲು ತೆರೆದುಕೊಂಡಿತು. ಆ ತಣ್ಣನೆಯ ಗಾಳಿ ಬಡಿದಾಗ ನನಗೆ ಎಚ್ಚರವಾಯಿತು. ತಲೆ ಸಿಡಿಯುತ್ತಿತ್ತು, ವಾಂತಿಯಾಯಿತು. ಬೆಳಗಿನವರೆಗೂ ಇಬ್ಬರೂ ಜಗಲಿಯ ಮೇಲೆ ನಡುಗುತ್ತ ಕುಳಿತಿದ್ದೆವು.

ಹೊಗೆಯಿಲ್ಲದ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಉಸಿರು ಆಡುತ್ತಿದ್ದರೂ ಮೈಗೆ ಪ್ರಾಣವಾಯು ಸಿಗುವುದಿಲ್ಲ, ನಿದ್ದೆಯೇ ಮರಣವಾಗುತ್ತದೆ. ಚಳಿಯ ಊರುಗಳಲ್ಲಿ ಹೀಗೆ ಕೋಣೆ ಮುಚ್ಚಿ ಮಲಗಿದವರು ಬೆಳಗ್ಗೆ ಏಳಲಿಲ್ಲವೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇರುತ್ತೇವೆ. ಹೊಗೆಯಾದರೂ ಕಣ್ಣಿನಲ್ಲಿ ನೀರು ತರಿಸಿ, ಎದ್ದು ಹೋಗೆಂದು ಎಚ್ಚರಿಸುತ್ತದೆ. ಇದಕ್ಕೆ ಅಷ್ಟು ದಯೆಯೂ ಇಲ್ಲ.

ಆ ರಾತ್ರಿಯ ಬಳಿಕ ನನಗೆ ಮನೆಯೆಂಬುದರ ಮೂಲ ಸಂಕಟ ಅರ್ಥವಾಯಿತು. ಕಾವು ಉಳಿಯಬೇಕಾದರೆ ಬಾಗಿಲು ಮುಚ್ಚಬೇಕು. ಉಸಿರು ಉಳಿಯಬೇಕಾದರೆ ಬಾಗಿಲು ತೆರೆಯಬೇಕು. ಚಳಿನಾಡುಗಳಲ್ಲಿ ಈ ಸಂಕಟ ಇನ್ನೂ ತೀವ್ರ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ಆರೋಗ್ಯಶಾಸ್ತ್ರಜ್ಞರು 1858ರಲ್ಲಿ ಮನೆಗಳೊಳಗಿನ ಗಾಳಿಯ ಬದಲಾವಣೆಯನ್ನು ಕುರಿತು ಬರೆದು, ಕೋಣೆಯ ಗಾಳಿಯಲ್ಲಿ ಇಂಗಾಲಾಮ್ಲ ಸಾವಿರದಲ್ಲಿ ಒಂದು ಪಾಲನ್ನು ಮೀರಬಾರದೆಂಬ ಅಳತೆಯನ್ನು ಕೊಟ್ಟರು. ಅದರ ಮರುವರ್ಷ ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ, ರೋಗಿಗೆ ಚಳಿಯಾಗದಂತೆ ನೋಡಿಕೊಂಡು ಒಳಗಿನ ಗಾಳಿಯನ್ನು ಹೊರಗಿನಷ್ಟೇ ಶುದ್ಧವಾಗಿಡುವುದೇ ದಾದಿಯ ಮೊದಲ ಕೆಲಸವೆಂಬ ಅಭಿಪ್ರಾಯವನ್ನು ಮುಂದಿಟ್ಟರು. ನಮ್ಮ ಹಿರಿಯರು ಅಳತೆಯನ್ನು ಬರೆದಿಡದಿದ್ದರೂ ಗಾಳಿಯನ್ನು ಮರೆತವರಲ್ಲ. ತೊಟ್ಟಿಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ, ಗೋಡೆಯ ಮೇಲ್ಭಾಗದ ಗವಾಕ್ಷಿ, ಮಾಡಿನ ಬೆಳಕಿಂಡಿ, ಇವೆಲ್ಲ ಉಸಿರಿನ ದಾರಿಗಳೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಹೆಂಚು ನಮ್ಮ ಬೆಟ್ಟಗಳವರೆಗೂ ಬಂದಾಗ, ಅದರ ಸಂದುಗಳೂ ಹೊಗೆಗೆ ಅಷ್ಟಿಷ್ಟು ದಾರಿಯಾದುವು. ಈಗ ಕಟ್ಟುವ ಕಾಂಕ್ರೀಟಿನ ಸಣ್ಣ ಮನೆಗಳಲ್ಲಿ ಆ ಸಂದೂ ಇಲ್ಲ. ಹೊಸ ಮನೆಯಲ್ಲಿ ಹಳೆಯ ಒಲೆಯನ್ನು ಹೂಡಿದರೆ ಹೊಗೆ ಎಲ್ಲಿಗೆ ಹೋಗಬೇಕು?

ಪರಿಹಾರಗಳು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ಕೇಂದ್ರವನ್ನು ಕಟ್ಟಿದರು. ದೊಡ್ಡ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮಕ್ಕೆ ಹೋಗಿ ಹಳ್ಳಿಯ ಕಟ್ಟಿಗೆಯನ್ನೂ ನೀರನ್ನೂ ಶ್ರಮವನ್ನೂ ಅಳೆದರು. ಅಲ್ಲಿಂದ ಹುಟ್ಟಿದ ಅಸ್ತ್ರ ಒಲೆ ಸೌದೆಯನ್ನು ಉಳಿಸಿತು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸಿತು. 1983ರಿಂದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ ನಡೆಯಿತು. 2002ರಲ್ಲಿ ಅದು ನಿಂತಿತು. 2016ರ ಮೇ 1ರಂದು ಉಜ್ವಲ ಯೋಜನೆ ಆರಂಭವಾಗಿ ಬಡಕುಟುಂಬಗಳ ಹೆಂಗಸರ ಹೆಸರಿನಲ್ಲಿಯೇ ಗ್ಯಾಸ್ ಸಂಪರ್ಕ ಕೊಡುವ ಏರ್ಪಾಡಾಯಿತು. ಇವೆಲ್ಲ ಶ್ಲಾಘ್ಯವಾದ ಪ್ರಯತ್ನಗಳೇ.

ಆದರೂ ಅನೇಕ ಮನೆಗಳಲ್ಲಿ ನಾನು ಕಂಡದ್ದೇನು? ಹೊಗೆಕೊಳವೆ ಮಸಿಯಿಂದ ಕಟ್ಟಿಕೊಂಡಿದೆ, ಅದನ್ನು ಉಜ್ಜುವವರಿಲ್ಲ. ಸಿಲಿಂಡರು ಮೂಲೆಯಲ್ಲಿ ಅರಿಸಿನ ಕುಂಕುಮವಿಟ್ಟುಕೊಂಡು ಕುಳಿತಿದೆ. ನೆಂಟರು ಬಂದಾಗ ಕಾಫಿಗೆ ಮಾತ್ರ ಅದನ್ನು ಹೊತ್ತಿಸುತ್ತಾರೆ. ಕೂಲಿಯಿಂದ ಬಾಳುವ ಮನೆಗೆ ಸಿಲಿಂಡರನ್ನು ಮತ್ತೆ ತುಂಬಿಸುವುದು ಹಲವು ದಿನಗಳ ದುಡಿಮೆಯ ಮಾತು. ಅಲ್ಲಿ ದೋಷ ಹೇಳುವ ಅಧಿಕಾರ ನನಗಿಲ್ಲ. ಅವರ ಪಾಲಿಗೆ ಕಾಡಿನ ಸೌದೆಯೇ ಗತಿ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿಗಳ ರಕ್ಷಿತ ಪ್ರದೇಶವಾದ ಮೇಲೆ ಆ ಸೌದೆಯೂ ಸುಲಭವಲ್ಲ. ಆನೆಯ ಭಯವಂತೂ ಹಿಂದಿನಿಂದಲೂ ಇದ್ದದ್ದು. ಒಂದು ಹೊರೆ ಲಂಟಾನದ ಕಡ್ಡಿಗಾಗಿ ಜೀವವನ್ನು ಅಂಗೈಯಲ್ಲಿ ಹಿಡಿದು ಹೋಗುವವರಿಗೆ ಗವಾಕ್ಷಿಯ ಉಪದೇಶ ಮಾಡುವುದು ಸಣ್ಣತನ.

ನಾನು ಕೇಳುವುದು ಅನುಕೂಲವುಳ್ಳ ಮನೆಗಳನ್ನು, ನನ್ನ ಮನೆಯನ್ನೂ ಸೇರಿಸಿಕೊಂಡು. ಉದ್ಯೋಗ ಸಿಕ್ಕ ಮೇಲೆ ನಾನು ದ್ವಿಚಕ್ರ ವಾಹನ ಕೊಂಡೆ. ದೂರದರ್ಶನ ಬಂತು, ಮೊಬೈಲು ಬಂತು. ನಡುಮನೆಗೆ ನುಣುಪಾದ ನೆಲ ಹಾಕಿಸಿದೆ. ಅಡಿಗೆಮನೆಗೆ ಒಂದು ಕಿಟಕಿ ಬೇಕೆಂದು ಹೊಳೆಯಲಿಲ್ಲ. ಹಣ ಇಲ್ಲದೆ ಹೊಳೆಯಲಿಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಹಣದ ಚೀಲ ಹಿಡಿದವನು ಒಲೆಯ ಮುಂದೆ ಕೂರುವುದಿಲ್ಲ, ಒಲೆಯ ಮುಂದೆ ಕೂರುವವಳ ಕೈಯಲ್ಲಿ ಹಣದ ಚೀಲವಿಲ್ಲ, ಕಾರಣ ಇಷ್ಟೇ. ಅನ್ನವನ್ನು ಬಡಿಸುವಾಗ ಯಾರಿಗೆ ಕಡಿಮೆಯಾಯಿತೆಂದು ಎಲೆ ನೋಡಿದರೆ ತಿಳಿಯುತ್ತದೆ. ನೀರಿನಲ್ಲಿ ಪಕ್ಷಪಾತವಾದರೆ ಕೊಡವೇ ಹೇಳುತ್ತದೆ. ಗಾಳಿಯನ್ನು ಯಾರೂ ಬಡಿಸುವುದಿಲ್ಲವಾದ್ದರಿಂದ ಅದರಲ್ಲಿ ಅನ್ಯಾಯ ನಡೆಯಬಲ್ಲದೆಂದು ನಮಗೆ ತೋರುವುದಿಲ್ಲ.

ನಗರದಲ್ಲಿ ಇದೇ ಅನ್ಯಾಯ ಬೇರೆ ವೇಷದಲ್ಲಿದೆ. ಅಲ್ಲಿ ಬೇಕಾದದ್ದು ಕಾವಲ್ಲ, ತಂಪು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಕಾಗದ ತೇವದಿಂದ ಹಿಗ್ಗದಿರಲೆಂದು ಒಂದು ಯಂತ್ರವನ್ನು ರೂಪಿಸಿದರು. ಇಂದಿನ ಹವಾನಿಯಂತ್ರಣ ಯಂತ್ರಗಳ ವಂಶ ಅಲ್ಲಿಂದ ಬೆಳೆಯಿತು. ಈ ಯಂತ್ರ ತಂಪನ್ನು ಸೃಷ್ಟಿಸುತ್ತದೆಂದು ಮಕ್ಕಳು ಭಾವಿಸುತ್ತಾರೆ. ವಾಸ್ತವವಾಗಿ ಅದು ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಸಾಗಿಸಲು ಬಳಸಿದ ವಿದ್ಯುತ್ತಿನ ಶಾಖವೂ ಅದಕ್ಕೆ ಸೇರಿ ಬೀದಿಗೆ ಬೀಳುತ್ತದೆ. ಕೊಯಮತ್ತೂರಿನಲ್ಲೋ ಬೆಂಗಳೂರಿನಲ್ಲೋ ಬೇಸಿಗೆಯ ಮಧ್ಯಾಹ್ನ ಅಂಥ ಯಂತ್ರದ ಹಿಂಭಾಗದಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡವನು ಈ ಭೌತಶಾಸ್ತ್ರವನ್ನು ಪುಸ್ತಕವಿಲ್ಲದೆಯೇ ಬಲ್ಲ. ಮುಚ್ಚಿದ ಕೋಣೆಯೊಳಗೆ ಕುಳಿತವರಿಗೂ ಪೂರ್ಣ ಸುಖವಿಲ್ಲ; ಸಾಮಾನ್ಯವಾಗಿ ಮನೆಗಳಲ್ಲಿ ಹಾಕುವ ಯಂತ್ರ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುವುದರಿಂದ, ಉಸಿರು ಬಿಟ್ಟ ಗಾಳಿಯನ್ನೇ ಅವರು ಪುನಃ ಸೇವಿಸುತ್ತಾರೆ. ಒಬ್ಬರ ಹಿತಕ್ಕೆ ತಗಲುವ ವೆಚ್ಚವನ್ನು ಗೋಡೆಯ ಆಚೆಯವರ ಮೈಮೇಲೆ ಹಾಕಿ, ಆಚೆಯವರನ್ನು ಕಾಣದಿರುವುದಕ್ಕೂ ಅದೇ ಗೋಡೆಯನ್ನು ಬಳಸಿಕೊಳ್ಳುವುದು ಎರಡು ಕಡೆಯೂ ಒಂದೇ.

ಇದಕ್ಕೆ ಎದುರಾಗಿ ಒಂದು ಗಂಭೀರವಾದ ವಾದವನ್ನು ಹೂಡಬಹುದು. ತಾಯಿ ಎಂದಾದರೂ ದೂರಿದರೆ? ಇಲ್ಲ. “ಒಲೆ ಅಂದ ಮೇಲೆ ಹೊಗೆ ಇಲ್ಲದೆ ಇದ್ದದಾ ಮಗ?” ಎನ್ನುತ್ತಿದ್ದರು. ಪ್ರೀತಿಯಿಂದ, ತಮ್ಮ ಮನಸ್ಸಿನಿಂದಲೇ ಅವರು ಮಾಡಿದ ಕೆಲಸವನ್ನು ಅನ್ಯಾಯವೆಂದು ಕರೆಯುವುದು ಅವರ ತ್ಯಾಗಕ್ಕೆ ಅಪಚಾರವಲ್ಲವೆ? ನಾನು ಈ ವಾದವನ್ನು ಬಹಳ ದಿನ ಮನಸ್ಸಿನಲ್ಲಿ ತೂಗಿ ನೋಡಿದ್ದೇನೆ. ತ್ಯಾಗವೆನ್ನಬೇಕಾದರೆ ಬಿಡುವುದೂ ಉಳಿಸಿಕೊಳ್ಳುವುದೂ ಎರಡೂ ಸಾಧ್ಯವಿರಬೇಕು. ಬೇರೆ ದಾರಿ ಉಂಟೆಂಬುದನ್ನೇ ಅರಿಯದವರ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವ ಹಕ್ಕು ನಮಗಿಲ್ಲ. ಇನ್ನೊಂದು ಮಾತು: ಅವರದು ತ್ಯಾಗವೇ ಆಗಿರಲಿ. ತ್ಯಾಗ ಮಾಡುವವರ ಧರ್ಮ ಬೇರೆ, ಅದನ್ನು ಪಡೆಯುವವರ ಧರ್ಮ ಬೇರೆ. ಕೊಡುವವರು ಲೆಕ್ಕವಿಡದಿರುವುದು ಅವರ ದೊಡ್ಡತನ. ಪಡೆಯುವವನು ಲೆಕ್ಕವಿಡದಿದ್ದರೆ ಅದಕ್ಕೆ ದೊಡ್ಡತನವೆಂಬ ಹೆಸರು ಸಲ್ಲುವುದಿಲ್ಲ.

ಈ ಪಾಠವನ್ನು ನನಗೆ ಸ್ಪಷ್ಟಪಡಿಸಿದ್ದು ನನ್ನ ತರಗತಿಯ ಒಬ್ಬ ಹುಡುಗಿ. ದಹನಕ್ಕೆ ಗಾಳಿ ಬೇಕೆಂಬುದನ್ನು ತೋರಿಸಲು ನಾವೆಲ್ಲ ಮಾಡುವ ಪ್ರಯೋಗವನ್ನು ಮಾಡಿದ್ದೆ: ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕಿದೆ, ಬತ್ತಿ ಆರಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಹುಡುಗಿ ಎದ್ದು ನಿಂತು, “ಸಾ, ನಮ್ಮವ್ವ ಅಡಿಗೆ ಮಾಡೋ ಕೋಣೆಗೂ ಕಿಟಕಿ ಇಲ್ಲ. ಅಲ್ಲಿ ದೀಪ ಯಾಕೆ ಆರಲ್ಲ?” ಎಂದು ಕೇಳಿದಳು. ಬಾಗಿಲಿನಿಂದಲೂ ಹೆಂಚಿನ ಸಂದಿನಿಂದಲೂ ಅಷ್ಟು ಗಾಳಿ ಒಳಗೆ ಬರುತ್ತದೆ, ಆದ್ದರಿಂದ ಆರುವುದಿಲ್ಲ ಎಂದೆ. ಉತ್ತರ ಸರಿಯಾಗಿಯೇ ಇತ್ತು. ಅವಳು ಕುಳಿತುಕೊಂಡು ಎಂದಿನಂತೆ ಕಣ್ಣುಜ್ಜಿಕೊಂಡಳು. ಅವಳ ಕಣ್ಣು ಬೆಳಗಿನ ಹೊತ್ತು ಸದಾ ಕೆಂಪಾಗಿರುತ್ತಿತ್ತು. ರಾತ್ರಿ ನಿದ್ದೆಗೆಟ್ಟು ದೂರದರ್ಶನ ನೋಡುತ್ತಾಳೆಂದು ನಾನು ಎರಡು ಸಲ ಗದರಿಸಿದ್ದೆ. ವಿಚಾರಿಸಿದಾಗ, ತಾಯಿ ನಸುಕಿನಲ್ಲಿಯೇ ಕೆಲಸಕ್ಕೆ ಹೋಗುವುದರಿಂದ ಬೆಳಗಿನ ಒಲೆ ಅವಳದೇ ಎಂದು ತಿಳಿಯಿತು. ವಯಸ್ಸು ಒಂಬತ್ತು. ಅವಳ ಅಣ್ಣನೂ ನಮ್ಮ ಶಾಲೆಯವನೇ. ಅವನ ಕಣ್ಣು ಕೆಂಪಾಗಿರಲಿಲ್ಲ. ದೀಪ ಆರದಿರುವಷ್ಟು ಗಾಳಿ ಒಂದು ಮಗುವಿಗೆ ಸಾಕೆ ಎಂಬುದು ಅವಳು ಕೇಳದೆ ಉಳಿಸಿದ ಪ್ರಶ್ನೆ. ನಾನು ಮರುದಿನ ಅವಳನ್ನು ಕರೆದು, ಗದರಿಸಿದ್ದು ನನ್ನ ತಪ್ಪೆಂದು ಹೇಳಿದೆ. ಅವಳಿಗೆ ಅದು ವಿಚಿತ್ರವಾಗಿ ಕಂಡಿರಬೇಕು; ನಕ್ಕು ಓಡಿಹೋದಳು.

ಉಪಾಧ್ಯಾಯ ಬಂಧುಗಳೆ, ನಮ್ಮ ಕೈಯಲ್ಲಿ ಸಿಲಿಂಡರಿನ ಬೆಲೆಯಿಲ್ಲ, ಕಾಡಿನ ಕಾನೂನಿಲ್ಲ. ಆದರೆ ಪ್ರಶ್ನೆ ಕೇಳುವ ಕೆಲಸ ನಮ್ಮದು. ಬೆಳಗ್ಗೆ ಒಲೆ ಹೊತ್ತಿಸುವವರು ಯಾರೆಂದು ತರಗತಿಯಲ್ಲಿ ಕೇಳಿರಿ. ಏಳುವ ಕೈಗಳಲ್ಲಿ ಹೆಣ್ಣುಮಕ್ಕಳ ಕೈಗಳೆಷ್ಟು, ಗಂಡುಮಕ್ಕಳ ಕೈಗಳೆಷ್ಟು ಎಂಬುದನ್ನು ಎಣಿಸಿ ನೋಡಿರಿ. ವಿದ್ಯಾರ್ಥಿಗಳೆ, ಸೌದೆಯನ್ನು ಒಣಗಿಸಿ ಇಡಲು ದುಡ್ಡು ಬೇಡ. ಒಲೆ ಉರಿಯುವಾಗ ಬಾಗಿಲು ತೆರೆದಿಡಲು, ಎಳೆಯ ಕೂಸನ್ನು ಅಲ್ಲಿಂದ ಎತ್ತಿಕೊಂಡು ಬರಲು, ಹೊಗೆಕೊಳವೆಯ ಮಸಿ ಉಜ್ಜಲು ಯೋಜನೆ ಬೇಡ. ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿರಿ. ಇದನ್ನು ಮನೆಯವರಿಗೂ ಹೇಳಿರಿ. ವಾರಕ್ಕೆ ಒಂದು ದಿನ ಗಂಡುಮಕ್ಕಳು ಒಲೆಯ ಮುಂದೆ ಕೂರಲಿ. ಒಂದು ಗಂಟೆ ಊದುಗೊಳವೆ ಹಿಡಿದವನು ಮನೆ ಕಟ್ಟಿಸುವ ಕಾಲಕ್ಕೆ ಕಿಟಕಿಯನ್ನು ಮರೆಯುವುದಿಲ್ಲ.

ಹೋದ ವರ್ಷ ನಾನು ನಮ್ಮ ಅಡಿಗೆಮನೆಯ ಹೊರಗೋಡೆಯಲ್ಲಿ ಕಿಟಕಿಯೊಂದನ್ನು ಒಡೆಸಿದೆ, ಮಾಡಿನಲ್ಲಿ ಹೊಗೆ ಹೋಗಲು ಕಿಂಡಿ ಬಿಡಿಸಿದೆ, ಗ್ಯಾಸಿನ ಒಲೆಯನ್ನು ಕಟ್ಟೆಯ ಮೇಲಿಡಿಸಿದೆ. ಸೌದೆಯ ಒಲೆಯನ್ನು ಹಿತ್ತಿಲಿನ ತೆರೆದ ಚಪ್ಪರಕ್ಕೆ ಸಾಗಿಸಿದೆವು. ಸ್ನಾನದ ನೀರು ಅಲ್ಲಿಯೇ ಕಾಯುತ್ತದೆ. ತಾಯಿಯ ಉಬ್ಬಸ ಇದರಿಂದ ವಾಸಿಯಾಗಲಿಲ್ಲ. ಆಗುವುದೂ ಇಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಕೆಲಸವೆಲ್ಲ ಮುಗಿದ ದಿನ ತಾಯಿ ನಡುಮನೆಗೆ ಬಂದು, ನಾನು ಓದಲು ಕೂರುತ್ತಿದ್ದ ಗೋಡೆಗೆ ಕೈಯಿಟ್ಟು ನೋಡಿದರು. ನನ್ನಿಂದ ಒಂದು ದೂರನ್ನು, ಒಂದು ಗದರಿಕೆಯನ್ನು ಕೇಳಬೇಕೆಂದು ನಾನು ಮನಸ್ಸಿನಲ್ಲಿಯೇ ಸಿದ್ಧನಾಗಿ ನಿಂತಿದ್ದೆ. ಅವರು ನನ್ನ ಮಕ್ಕಳ ಕಡೆಗೆ ತಿರುಗಿ, “ಗೋಡೆ ತಣ್ಣಗಾಗೋಯ್ತಲ್ಲ ಮಗ, ಇನ್ನು ಇವು ಚಳಿಗಾಲದಲ್ಲಿ ಎಲ್ಲಿ ಕೂತ್ಕಂಡು ಓದವು?” ಎಂದರು.

ಮಕ್ಕಳು ಈಗ ಕಂಬಳಿ ಹೊದ್ದು ಓದುತ್ತವೆ.